ಸಿಂಗಳೀಕಕ್ಕೆ ಅಭಯಾರಣ್ಯ, ಮರದಣಬೆಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಸಿಂಗಳೀಕ ಗೊತ್ತು. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ, ಅಳಿವಿನಂಚಿನ ಕೋತಿ; ಕೇರಳದ ಸೈಲೆಂಟ್ ವ್ಯಾಲಿ ಹೋರಾಟದ ಗುರುತು; 2019ರಿಂದ ನಮ್ಮ ಶರಾವತಿ ಕಣಿವೆಯ ಅಭಯಾರಣ್ಯಕ್ಕೂ ಅದರದೇ ಹೆಸರು. ನನ್ನ ನೋಟ್ಸ್‌ನಲ್ಲೂ ಇದೆಲ್ಲ ಇದೆ. ಅದೇ ಕಾಡಿನಲ್ಲಿ, ಬಿದ್ದ ದಿಮ್ಮಿಗೆ ಕಿವಿಯಂತೆ ಅಂಟಿ ಬೆಳೆಯುವ ಮರದಣಬೆಯ ಬಗ್ಗೆ ಒಂದು ಸಾಲೂ ಇಲ್ಲ. ವನ್ಯಜೀವಿ ಕಾಯ್ದೆಯ ಶೆಡ್ಯೂಲ್‌ಗಳಲ್ಲೂ ಪ್ರಾಣಿಗಳಿವೆ, ಗಿಡಗಳಿವೆ, ಅಣಬೆ ಇಲ್ಲ. ಮಳೆಗಾಲದ ರಾತ್ರಿ ಹಸಿರಾಗಿ ಮಿನುಗುವ ಕೆಲವು ಜಾತಿಗಳಿಗೆ ಮಾತ್ರ ರೀಲ್ಸ್‌ನಲ್ಲಿ ಜಾಗ ಸಿಕ್ಕಿದೆ!

ಕೋತಿಗೂ ಅಣಬೆಗೂ ಎತ್ತಣ ಹೋಲಿಕೆ ಎಂದು ನಗಬೇಡಿ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ತಾಗಿರುವ ಕಾಡು ಅದಕ್ಕೆ ಬೇಕು. ನಡುವೆ ಅಗಲದ ರಸ್ತೆ ಬಂದರೆ ಆಚೆಯ ಹಣ್ಣು ಆಚೆಗೇ ಉಳಿಯಿತು. ಮರದಣಬೆಯ ಕಷ್ಟ ತಿರುವುಮುರುವು. ಅದರ ಬೀಜಕಣ ಗಾಳಿಯಲ್ಲಿ ಎಷ್ಟು ದೂರಕ್ಕಾದರೂ ಹಾರೀತು, ಆದರೆ ಇಳಿಯಲು ಕೊಳೆಯುತ್ತಿರುವ ಮರ ಬೇಕಲ್ಲ? ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳೇ ಕಡಿಮೆ. ಆ ಕೆಲಸದಲ್ಲಿ ಕೆಲವು ಮರದಣಬೆಗಳನ್ನು ಮೀರಿಸಿದವರಿಲ್ಲ. ಅವು ಮೆದುವಾಗಿಸಿದ ಮರದಲ್ಲೇ ಕುಟ್ರುಹಕ್ಕಿ ಗೂಡು ಕೊರೆಯುತ್ತದೆ, ಹುಳಗಳು ಬೆಳೆಯುತ್ತವೆ. ಸಿಂಗಳೀಕ ಹಣ್ಣಿನ ಜೊತೆ ಹುಳಹುಪ್ಪಟೆಯನ್ನೂ ತಿನ್ನುತ್ತದೆ ಎಂಬುದನ್ನು ಮರೆಯಬಾರದು.

ನನ್ನ ತಕರಾರು ಇರುವುದು ಇಲ್ಲಿ. ಯಾವುದೋ ಯೋಜನೆಗೆ ಕಾಡು ಹೋಗುವಾಗ ನಾವು ಸಿಂಗಳೀಕದ ಹೆಸರೊಂದನ್ನೇ ಹಿಡಿದು ವಾದಿಸಿದರೆ ಉತ್ತರ ಸಿದ್ಧವಾಗಿರುತ್ತದೆ: ಮರದಿಂದ ಮರಕ್ಕೆ ಸೇತುವೆ ಕಟ್ಟಿಕೊಡುತ್ತೇವೆ, ಬೇರೆಡೆ ಸಸಿ ನೆಡುತ್ತೇವೆ. ಸೇತುವೆಯನ್ನು ನಾನು ಹಗುರ ಮಾಡುತ್ತಿಲ್ಲ, ತಮಿಳುನಾಡಿನ ವಾಲ್ಪಾರೈಯಲ್ಲಿ ರಸ್ತೆ ದಾಟಲು ಸಿಂಗಳೀಕಗಳು ಅದನ್ನು ಬಳಸುತ್ತಿವೆ. ಆದರೆ ನೂರಾರು ವರ್ಷ ಬೆಳೆದು, ಬಿದ್ದು, ದಶಕಗಟ್ಟಲೆ ಕೊಳೆಯುವ ದಿಮ್ಮಿಯನ್ನು ಯಾವ ನರ್ಸರಿಯಿಂದ ತರುತ್ತಾರೆ? ಸಾಲಾಗಿ ನೆಟ್ಟು, ಬಲಿತ ಕೂಡಲೇ ಕಡಿದು ಸಾಗಿಸುವ ಅಕೇಶಿಯ ತೋಪಿನಲ್ಲಿ ಅದು ಸಿಗುವುದಿಲ್ಲ. ಮನೆಯ ಒಲೆಗೆ ಹೊರೆ ಪುಳ್ಳೆ ತರುವವರನ್ನು ನಾನಿಲ್ಲಿ ದೂರುತ್ತಿಲ್ಲ.

ಕಾಡು ಕೊಡುವ ಮುನ್ನ ನಿಂತ ಮರಗಳನ್ನು ಎಣಿಸುವ ಹಾಗೆ ಬಿದ್ದ ಮರಗಳನ್ನೂ, ಅವುಗಳ ಮೇಲಿನ ಅಣಬೆಗಳನ್ನೂ ದಾಖಲಿಸುವುದು ಕಡ್ಡಾಯವಾಗಲಿ. ಅಣಬೆ ಗುರುತಿಸಬಲ್ಲವರು ಬೇಕಾಗುತ್ತಾರೆ, ನಿಜ. ಸಸ್ಯಶಾಸ್ತ್ರದ ಪದವಿ ಹಿಡಿದು ಅರ್ಜಿ ಹಾಕುತ್ತಿರುವ ನಮ್ಮಂಥವರು ಪ್ರತಿ ಜಿಲ್ಲೆಯಲ್ಲೂ ಇದ್ದೇವಲ್ಲ, ತರಬೇತಿ ಕೊಟ್ಟು ನೋಡಲಿ.