ಕರುವಿನ ಪಾಲಿನ ಹಾಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಕೂಸಿಗೆ ಹಾಲು ಕಾಸದೆ ಕುಡಿಸುವ ಮನೆ ಸಿಗುವುದು ಕಷ್ಟ. ಅದೇ ಮನೆಯ ಕರುವಿಗೆ ಮಾತ್ರ ಹಸಿ ಹಾಲು. ತಾಯಿ ಗಟ್ಟಿಮುಟ್ಟಾಗಿದ್ದರೆ ಅದರಲ್ಲಿ ತಪ್ಪಿಲ್ಲ. ನನ್ನ ತಕರಾರು ಬೇನೆ ಬಿದ್ದ ಆಕಳಿನ ಹಾಲಿನದು. ಡೇರಿಗೆ ಹಾಕಲಾಗದ, ಮನೆಯವರೂ ಕುಡಿಯಲು ಹೇಸುವ ಆ ಹಾಲು ‘ಚೆಲ್ಲೋದ್ಯಾಕ’ ಎಂಬ ಮಾತಿನೊಂದಿಗೆ ಕರುವಿನ ಬಾಯಿಗೆ ಹೋಗುತ್ತದೆ.

ಕಾಲುಬಾಯಿ ಬೇನೆಯ ವೈರಾಣು ಆಕಳಿನ ಬಾಯಲ್ಲಿ ಹುಣ್ಣು ಏಳುವ ಮೊದಲೇ ಹಾಲಿನಲ್ಲಿ ಇಳಿಯಬಲ್ಲದು. ದೊಡ್ಡ ದನ ಜೊಲ್ಲು ಸುರಿಸಿ, ಕುಂಟಿ, ಕಡೆಗೆ ಹೆಚ್ಚಾಗಿ ಚೇತರಿಸಿಕೊಳ್ಳುತ್ತದೆ. ಎಳೆಗರುವಿನಲ್ಲಿ ಅದೇ ವೈರಾಣು ಗುಂಡಿಗೆಯ ಸ್ನಾಯುವನ್ನೇ ಹಿಡಿಯುತ್ತದೆ. ಸತ್ತ ಕರುವನ್ನು ಕೊಯ್ದು ನೋಡಿದರೆ ಗುಂಡಿಗೆಯ ಮೇಲೆ ಹುಲಿಯ ಮೈಯಂಥ ಪಟ್ಟೆಗಳು ಕಾಣಸಿಗುವುದರಿಂದ ಪಶುವೈದ್ಯರು ಅದನ್ನು ‘ಹುಲಿ ಗುಂಡಿಗೆ’ ಎನ್ನುತ್ತಾರೆ. ಬಾಯಲ್ಲಿ ಒಂದು ಹುಣ್ಣೂ ಇಲ್ಲದೆ, ಹಾಲು ಕುಡಿದು ನಿಂತ ಕರು ಕುಸಿದು ಸಾಯುವುದುಂಟು. ದೃಷ್ಟಿ ತಾಗಿತು, ಹಾವು ಮುಟ್ಟಿತು ಎಂದು ಮನೆಯವರು ಅಳುತ್ತಾರೆ. ಹಾಲಿನ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ.

2022ರಲ್ಲಿ ಚರ್ಮಗಂಟು ರೋಗ ರಾಜ್ಯದ ತುಂಬ ಹಬ್ಬಿದಾಗ ಜನ ನೊಣ, ಸೊಳ್ಳೆ, ಉಣ್ಣೆಗಳ ಬಗ್ಗೆ ಮಾತಾಡಿದರು. ಅದು ಸರಿಯೇ, ಮುಖ್ಯ ವಾಹಕಗಳು ಅವೇ. ಆದರೆ ಕೆಚ್ಚಲಿನ ಮೇಲೆ ಗಂಟು ಒಡೆದ ತಾಯಿಯನ್ನು ಉಣ್ಣುವ ಕರುವಿಗೂ ಅದು ದಾಟಬಲ್ಲದು. ಆ ವರ್ಷ ಸರಕಾರ ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ರೂಪಾಯಿ ಪರಿಹಾರ ಗೊತ್ತು ಮಾಡಿತು. ಕರುವಿನ ಅಂದಿನ ಬೆಲೆಗೆ ಲೆಕ್ಕ ಸರಿಯಿರಬಹುದು. ಆದರೆ ಮೂರು ವರ್ಷದ ನಂತರ ಹೊಲ ಉಳಬೇಕಿದ್ದ ಖಿಲಾರಿ ಹೋರಿಯೂ ಆ 5,000ದ ಸಾಲಿನಲ್ಲೇ ನಿಂತಿತು.

ಹಾಗಾದರೆ ಎಲ್ಲ ಹಾಲನ್ನೂ ಕುದಿಸಿಬಿಡೋಣವೇ? ಇಲ್ಲೇ ವಿಷಯ ತೊಡಕಿನದು. ಆಕಳ ಗರ್ಭದಲ್ಲಿ ತಾಯಿಯ ರೋಗನಿರೋಧಕಗಳು ಕರುವಿಗೆ ದಾಟುವುದಿಲ್ಲ. ಅವು ಬರುವುದು ಗಿಣ್ಣದ ಹಾಲಿನಲ್ಲಿ, ಅದೂ ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ. ದಿನ ಕಳೆದರೆ ಕರುಳು ಅವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಿಣ್ಣದ ಹಾಲು ಕಾಸಿದರೆ ಒಡೆದು ಗಟ್ಟಿಯಾಗುತ್ತದೆ, ಬೆಲ್ಲ ಏಲಕ್ಕಿ ಹಾಕಿ ನಾವು ತಿನ್ನಲಿಕ್ಕಷ್ಟೇ ಆಗುತ್ತದೆ. ಕರುವಿನ ಪಾಲಿನದು ಹಸಿಯಾಗಿಯೇ ಹೋಗಬೇಕು, ಮನೆಯವರ ಗಿಣ್ಣಕ್ಕಿಂತ ಮೊದಲು ಹೋಗಬೇಕು. ಈಯುವಾಗಲೇ ತಾಯಿಗೆ ಬೇನೆ ಇದ್ದರೆ ಹೊಸದಾಗಿ ಈದ ನಿರೋಗಿ ಆಕಳಿನ ಗಿಣ್ಣವನ್ನು ನೆರೆಮನೆಯಿಂದ ಕೇಳಿ ತರಬೇಕು. ಮೊಸರಿಗೆ ಹೆಪ್ಪು ಕೇಳಲು ನಾಚದ ಊರುಗಳಿವು.

ಗಿಣ್ಣದ ದಿನಗಳು ಮುಗಿದ ಮೇಲೆ ಕೇರಿಯಲ್ಲಿ ಬೇನೆ ಕಂಡರೆ ಕರುವನ್ನು ಬೇರೆ ಕಟ್ಟಿ, ಹಾಲು ಕುದಿಸಿ, ಉಗುರುಬೆಚ್ಚಗೆ ಆರಿಸಿ ಕುಡಿಸುವುದೇ ಸರಿ. ‘ಕರ ಬಿಡದಿದ್ದರ ಆಕಳ ಸೊರ ಬಿಡೂದಿಲ್ಲ’ ಎಂಬ ಮಾತು ಬರುತ್ತದೆ. ನಿಜವಾದ ಮಾತು, ಜವಾರಿ ಆಕಳಿಗಂತೂ ಪೂರ್ತಿ ನಿಜ. ಕರುವನ್ನು ಕಣ್ಣೆದುರು ಒಂದಿಷ್ಟು ದೂರ ಕಟ್ಟಿ, ಕೆಚ್ಚಲು ಬಿಸಿನೀರಲ್ಲಿ ತೊಳೆದು, ಗೋದಲಿಗೆ ಹಿಂಡಿ ಇಟ್ಟರೆ ಎಷ್ಟೋ ಆಕಳು ಒಪ್ಪುತ್ತವೆ. ಒಪ್ಪದಿದ್ದರೆ ಬೇನೆ ಇರುವಷ್ಟು ದಿನ ಹಾಲು ಕಡಿಮೆಯಾದೀತು, ಆಗಲಿ.

ಇದಕ್ಕೂ ಹಿಂದಿನ ಹೆಜ್ಜೆಯೊಂದಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಬೇನೆಗೆ ಪುಕ್ಕಟೆ ಲಸಿಕೆ ಊರಿಗೇ ಬರುತ್ತದೆ. ಕರುವಿಗೆ ಮೊದಲ ಸೂಜಿ ನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ಅದಕ್ಕಿರುವ ಕಾವಲು, ತಾಯಿಗೆ ಹಾಕಿದ ಲಸಿಕೆಯಿಂದ ಹುಟ್ಟಿ ಗಿಣ್ಣದಲ್ಲಿ ಇಳಿದು ಬಂದ ರೋಗನಿರೋಧಕಗಳು ಮಾತ್ರ. ಎರಡು ದಿನ ಹಾಲು ಇಳಿಯುತ್ತದೆಂದು ಲಸಿಕೆಯವರು ಬಂದಾಗ ದನವನ್ನು ಹೊಲಕ್ಕೆ ಹೊಡೆಯುವ ರೈತ, ಇನ್ನೂ ಹುಟ್ಟದ ಕರುವಿನ ಆ ಕಾವಲನ್ನೇ ಕಿತ್ತಿರುತ್ತಾನೆ.