ಮರಳು ದಿಬ್ಬವೂ ಒಂದು ಬಂಡವಾಳ

ಮುಂಗಾರು ಆರಂಭವಾಯಿತೆಂದರೆ ಕರ್ನಾಟಕದ ಮೂರೂ ಕರಾವಳಿ ಜಿಲ್ಲೆಗಳಿಂದ ಕಡಲ್ಕೊರೆತದ ಸುದ್ದಿ ಬರತೊಡಗುತ್ತದೆ. ತೆಂಗಿನ ಮರಗಳು ಉರುಳುತ್ತವೆ, ರಸ್ತೆ ಕುಸಿಯುತ್ತದೆ, ಲಾರಿಗಳಲ್ಲಿ ಬಂಡೆಗಲ್ಲು ಬಂದು ಬೀಳುತ್ತದೆ. ಕೆಲವೇ ಮಳೆಗಾಲಗಳಲ್ಲಿ ಆ ಕಲ್ಲು ಕುಸಿದು ಮತ್ತೆ ಹೊಸ ಕಲ್ಲಿನ ಬೇಡಿಕೆ ಏಳುತ್ತದೆ. ಇದರ ವೆಚ್ಚವನ್ನು ಭರಿಸುವ ತೆರಿಗೆದಾರರಲ್ಲಿ ವರ್ತಕರೂ ಸಣ್ಣ ಉದ್ಯಮಿಗಳೂ ಸೇರಿದ್ದಾರೆ. ಹೀಗಾಗಿ ಕಡಲತೀರದ ರಕ್ಷಣೆ ವಾಣಿಜ್ಯ ವಲಯದ ಪ್ರಶ್ನೆಯೂ ಹೌದು.

ವ್ಯಾಪಾರದ ಪರಿಭಾಷೆಯಲ್ಲಿ ಹೇಳುವುದಾದರೆ, ತೀರದ ಮರಳು ದಿಬ್ಬವೆಂಬುದು ಆಪದ್ಧನ. ಮಳೆಗಾಲದ ಅಲೆಗಳು ದಿಬ್ಬದ ಬುಡದಿಂದ ಮರಳನ್ನು ಸೆಳೆದೊಯ್ದು, ದಡದಿಂದ ತುಸು ದೂರದಲ್ಲಿ ನೀರಿನಡಿ ಗುಡ್ಡೆ ಹಾಕುತ್ತವೆ. ಅನಂತರದ ಅಲೆಗಳು ಅಲ್ಲಿಯೇ ಒಡೆದು ಬಲಗುಂದುತ್ತವೆ. ಕಡಲು ಶಾಂತವಾದ ಮೇಲೆ ಆ ಮರಳಿನ ಬಹುಪಾಲು ದಡಕ್ಕೆ ಹಿಂದಿರುಗುತ್ತದೆ. ಗಾಳಿ ಅದನ್ನು ಮೇಲಕ್ಕೊಯ್ಯುತ್ತದೆ, ಅಡುಂಬು ಬಳ್ಳಿಯಂತಹ ಸಸ್ಯಗಳು ಹಿಡಿದಿಡುತ್ತವೆ. ಕಲ್ಲಿನ ಗೋಡೆಗೆ ಈ ಗುಣವಿಲ್ಲ. ಅದಕ್ಕೆ ಅಪ್ಪಳಿಸಿದ ಅಲೆ ಹಿಂದಕ್ಕೆ ಪುಟಿದು ಗೋಡೆಯ ಬುಡವನ್ನೇ ಕೆರೆಯುತ್ತದೆ. ಗೋಡೆ ಮುಗಿದೆಡೆ ನೆರೆಯವರ ಜಮೀನಿನ ಕೊರೆತ ಹೆಚ್ಚುತ್ತದೆ.

ಲೆಕ್ಕಾಚಾರಕ್ಕೆ ಹೆಸರಾದ ವ್ಯಾಪಾರಿ ದೇಶ ನೆದರ್‌ಲ್ಯಾಂಡ್ಸ್ ಈ ಸತ್ಯವನ್ನು ಚೆನ್ನಾಗಿ ಬಲ್ಲದು. ಆ ದೇಶದ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರ ಪ್ರವಾಹದಲ್ಲಿ 1,800ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಬಳಿಕ ಅದು ಬೃಹತ್ ಅಣೆಕಟ್ಟುಗಳನ್ನು ಕಟ್ಟಿತು. ಆದರೂ 1990ರಲ್ಲಿ ತನ್ನ ಮರಳು ತೀರವನ್ನು ಮುಖ್ಯವಾಗಿ ಮರಳು ತುಂಬುವ ಮೂಲಕವೇ ಉಳಿಸಿಕೊಳ್ಳುವ ನೀತಿಯನ್ನು ಅಂಗೀಕರಿಸಿತು. 2011ರಲ್ಲಿ ಒಂದೇ ಸ್ಥಳದಲ್ಲಿ ಸುಮಾರು 2.15 ಕೋಟಿ ಘನಮೀಟರ್ ಮರಳು ಸುರಿದು, ಅದನ್ನು ಹರಡುವ ಕೆಲಸವನ್ನು ಗಾಳಿಗೂ ಅಲೆಗೂ ಬಿಟ್ಟಿತು. ಆಮ್‌ಸ್ಟರ್‌ಡ್ಯಾಮ್ ನಗರವಂತೂ 1853ರಿಂದ ದಿಬ್ಬ ಪ್ರದೇಶದ ನೀರನ್ನು ಕುಡಿಯುತ್ತಿದೆ. ಅಲ್ಲಿ ದಿಬ್ಬವು ಗೋಡೆಯೂ ಹೌದು, ನೀರಿನ ಕಣಜವೂ ಹೌದು.

ನಮ್ಮಲ್ಲಿ ಕಾನೂನಿನ ಕೊರತೆಯಿಲ್ಲ. 2011 ಮತ್ತು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗಳೆರಡೂ ಮರಳು ದಿಬ್ಬಗಳನ್ನು ಅತಿ ಸೂಕ್ಷ್ಮವಾದ ಮೊದಲ ವರ್ಗದಲ್ಲಿರಿಸಿವೆ. ಕೊರತೆಯಿರುವುದು ಮನೋಭಾವದಲ್ಲಿ. ಕಡಲು ಕಾಣಲೆಂದೋ ವಾಹನ ನಿಲ್ಲಿಸಲೆಂದೋ ದಿಬ್ಬವನ್ನು ಸಮತಟ್ಟು ಮಾಡುವವರು ಅಂದಿನ ಅನುಕೂಲವನ್ನಷ್ಟೇ ನೋಡುತ್ತಾರೆ. ಹಾಗೆ ಉಳಿಸಿದ ಹಣಕ್ಕಿಂತ ಹೆಚ್ಚಿನದನ್ನು ಮುಂದೊಂದು ಮಳೆಗಾಲ ವಸೂಲು ಮಾಡಿಬಿಡಬಹುದು.

ದಿಬ್ಬವೇ ಎಲ್ಲೆಡೆಗೂ ಪರಿಹಾರವೆನ್ನುವುದು ಸಲ್ಲದು. ಮರವಂತೆಯಲ್ಲಿ ಒಂದೆಡೆ ಕಡಲು, ಇನ್ನೊಂದೆಡೆ ಸೌಪರ್ಣಿಕಾ ನದಿ. ನಡುವಿನ ಕಿರಿದಾದ ಪಟ್ಟಿಯಲ್ಲಿ ಹೆದ್ದಾರಿ. ದಿಬ್ಬಕ್ಕೆ ಜಾಗವಿಲ್ಲದ ಇಂತಹ ಕಡೆ ಕಲ್ಲು ಅನಿವಾರ್ಯ. ಉಳ್ಳಾಲದಂತೆ ಕೊರೆತ ತೀವ್ರವಾಗಿರುವಲ್ಲಿ ತಜ್ಞರ ಯೋಜನೆಯೇ ಬೇಕು. ಆದರೆ ದಿಬ್ಬ ಇನ್ನೂ ಉಳಿದಿರುವಲ್ಲಿ ಅದನ್ನು ಕೆಡವಿ, ಅನಂತರ ಗೋಡೆಗಾಗಿ ಮನವಿ ಸಲ್ಲಿಸುವುದು ವಿವೇಕವಲ್ಲ.

ತೀರದಲ್ಲಿ ಹೋಟೆಲು, ಮಂಜುಗಡ್ಡೆ ಸ್ಥಾವರ, ಗೋದಾಮು ನಡೆಸುವವರು ದಿಬ್ಬದಿಂದ ಹಿಂದೆ ಸರಿದು ಕಟ್ಟಬೇಕು. ಜನರು ತುಳಿಯದಂತೆ ದಿಬ್ಬದ ಮೇಲೆ ಮರದ ಕಾಲುದಾರಿ ನಿರ್ಮಿಸಬೇಕು. ಸ್ಥಳೀಯ ಬಳ್ಳಿ, ಹುಲ್ಲುಗಳನ್ನು ಬೆಳೆಸಬೇಕು. ವಾಣಿಜ್ಯ ಸಂಘಗಳು ಪ್ರತಿ ವರ್ಷ ತಡೆಗೋಡೆಗೆ ಅನುದಾನ ಕೋರುವ ಮನವಿಯಲ್ಲಿ ಉಳಿದಿರುವ ದಿಬ್ಬಗಳ ಸಮೀಕ್ಷೆ ಹಾಗೂ ರಕ್ಷಣೆಯನ್ನು ಮೊದಲ ಬೇಡಿಕೆಯಾಗಿ ಸೇರಿಸಬೇಕು. ಮೂಲಧನವನ್ನು ಕರಗಿಸಿ ವ್ಯಾಪಾರ ನಡೆಸಿದವನು ಹೆಚ್ಚು ಕಾಲ ಬಾಳಲಾರನೆಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ಮಾತು. ಕಡಲತೀರಕ್ಕೂ ಅದೇ ನಿಯಮ ಅನ್ವಯಿಸುತ್ತದೆ.