ಪಾಲಿಶ್ ಹಚ್ಚಿದರೆ ರೇಡಿಯೋಗೆ ಜೀವ ಬರುವುದಿಲ್ಲ

ಹಳೆಯ ವಸ್ತುಗಳ ಮೇಲೆ ನಮ್ಮ ಜನಕ್ಕೆ ಈಚೆಗೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ತಾತನ ಕಾಲದ ವಾಲ್ವ್ ರೇಡಿಯೋ ಹಜಾರದಲ್ಲಿ ಹೂದಾನಿಯ ಪಕ್ಕ ಕುಳಿತಿದೆ. ಮರದ ಪೆಟ್ಟಿಗೆಗೆ ಪಾಲಿಶ್, ಹಿತ್ತಾಳೆಯ ಅಂಚಿಗೆ ಬ್ರಾಸೋ. ಹಿಂಬದಿಯ ರಟ್ಟು ತೆಗೆದು ನೋಡಿ: ವಾಲ್ವೂ ಇಲ್ಲ, ಟ್ರಾನ್ಸ್‌ಫಾರ್ಮರೂ ಇಲ್ಲ, ಅಂಗೈಯಗಲದ ಒಂದು ಬ್ಲೂಟೂತ್ ಬೋರ್ಡು! ಇದಕ್ಕೆ ಅಂಗಡಿಯವರು ಕೊಟ್ಟಿರುವ ಹೆಸರು 'ರೆಸ್ಟೊರೇಷನ್'. ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಮನೆ ರೇಡಿಯೋದ ಗತಿಯೇ ಇದಾದರೆ, ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ, ಸೆಟ್ಟುಗಳ ಪಾಡು ಕೇಳುವುದೇ ಬೇಡ. ಅವಕ್ಕೆ ಮರದ ಪೆಟ್ಟಿಗೆಯ ಅಂದವೂ ಇಲ್ಲ. ಕಪ್ಪು ಬಣ್ಣದ ಭಾರವಾದ ಲೋಹದ ಡಬ್ಬಗಳು. ಹ್ಯಾಮ್ ಒಬ್ಬರು ತೀರಿಕೊಂಡರೆ ಅವರ ಬಳಗದವರು 'ಸೈಲೆಂಟ್ ಕೀ' ಎನ್ನುತ್ತಾರೆ. ಮೋರ್ಸ್ ಕೀಲಿ ಮೌನವಾಯಿತೆಂದು ಅರ್ಥ. ಆದರೆ ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಕಬಾಡಿಯವನು ತಕ್ಕಡಿ ಹಿಡಿದು ನಿಂತಿರುತ್ತಾನೆ. ಎರಡು ಕೋಣೆಯ ಮನೆ, ಮಗ ಪರದೇಶದಲ್ಲಿ. ಇಡುವುದಾದರೂ ಎಲ್ಲಿ ಎಂಬ ಪ್ರಶ್ನೆ. ಕಿಲೋ ಲೆಕ್ಕದಲ್ಲಿ ಹೋಗುವುದು ಏನೆಂದು ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಏನದು ಎಂದು ಹೇಳುತ್ತೇನೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ರೇಡಿಯೋಗಳು ಪೇಟೆಗೆ ಬಂದವು. ಅಮೆರಿಕದ ಬಾಂಬರುಗಳಲ್ಲಿದ್ದ ಬಿಸಿ-348, ಬ್ರಿಟಿಷರ ಲ್ಯಾಂಕಾಸ್ಟರ್ ವಿಮಾನದ ಆರ್-1155, ಇಂಥವು. ಹೊಸ ವಿದೇಶೀ ಸೆಟ್ಟು ಕೊಳ್ಳುವ ಚೈತನ್ಯವಿಲ್ಲದ ಹ್ಯಾಮ್‌ಗಳು ಇವನ್ನೇ ಹೊತ್ತು ತಂದರು. ಬಿಸಿ-348 ನಡೆಯುತ್ತಿದ್ದುದು ವಿಮಾನದ 28 ವೋಲ್ಟ್‌ನಲ್ಲಿ. ಅದರ ಡೈನಮೋಟರ್ ಕಿತ್ತು, ಮನೆಯ ಕರೆಂಟಿಗೆ ಹೊಂದುವ ಪವರ್ ಸಪ್ಲೈಯನ್ನು ತಾವೇ ಕಟ್ಟಿದರು. ಆದ್ದರಿಂದ ಅಂಥ ಸೆಟ್ಟಿನ ತಳದಲ್ಲಿರುವ ಒಂದೊಂದು ಬೆಸುಗೆಯೂ ಒಬ್ಬ ಮನುಷ್ಯನ ಹಸ್ತಾಕ್ಷರ. ಅದನ್ನು ತಕ್ಕಡಿಗೆ ಹಾಕುವುದೂ ತಂದೆಯ ದಿನಚರಿಯನ್ನು ರದ್ದಿಗೆ ಹಾಕುವುದೂ ಒಂದೇ.

ಕನ್ನಡಿಗರಾದ ನಮಗಂತೂ ಈ ಅಸಡ್ಡೆ ಶೋಭಿಸುವುದಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ಸ್ವಂತ ಮನೆಯಲ್ಲಿ, ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ಧರಿಸಿತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಬಿ.ಇ.ಎಲ್. ಕಾರ್ಖಾನೆಯ ವಾಲ್ವುಗಳು ದೇಶದ ಎಷ್ಟೋ ಮನೆಗಳಲ್ಲಿ ಬೆಳಗಿದವು. ಇಂಥ ನಾಡಿನವರು ವಾಲ್ವ್ ಸೆಟ್ಟನ್ನು ಹೂದಾನಿಯ ಜೊತೆಗಾರನನ್ನಾಗಿ ಮಾಡುವುದೇ?

"ಬಿ.ಎಸ್ಸಿ. ಓದಿ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದುಕೊಂಡು ಈ ಮೆಕ್ಯಾನಿಕ್ ಕೆಲಸ ಏಕೆ?" ಎಂದು ನನ್ನನ್ನು ಕೇಳುವವರಿದ್ದಾರೆ. ನಾನು ತಿರುಗಿ ಕೇಳುತ್ತೇನೆ: ಓಮ್‌ನ ನಿಯಮವನ್ನು ಬಾಯಿಪಾಠ ಮಾಡಿ ನೂರಕ್ಕೆ ತೊಂಬತ್ತು ಅಂಕ ತರುವ ನಿಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಒಂದು ರೆಸಿಸ್ಟರನ್ನು ಮೀಟರಿನಲ್ಲಿ ಅಳೆದಿದ್ದಾರೆ? ಕೋಚಿಂಗ್ ಕ್ಲಾಸಿಗೆ ಸಾವಿರಗಟ್ಟಲೆ ಸುರಿಯುತ್ತೇವೆ. ಮನೆಯ ಅಟ್ಟದ ಮೇಲಿರುವ ಪ್ರಯೋಗಶಾಲೆಯನ್ನು ಕಬಾಡಿಗೆ ಕೊಡುತ್ತೇವೆ!

"ಬಿಡಿ ಭಾಗಗಳು ಸಿಗುವುದಿಲ್ಲ" ಎಂಬುದು ಇನ್ನೊಂದು ನೆಪ. ಹಳೆಯ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ವಾಲ್ವಲ್ಲ, ಕೆಪಾಸಿಟರು. ಮೇಣದ ಕಾಗದದ ಕೆಪಾಸಿಟರು ಸೋರಿದರೆ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ತಪ್ಪು ವೋಲ್ಟೇಜು ಹೋಗಿ, ವಾಲ್ವೂ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು. ಅದರ ಬದಲಿಗೆ ಹಾಕುವ ಹೊಸ ಫಿಲ್ಮ್ ಕೆಪಾಸಿಟರು ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್ಟಿನಲ್ಲೂ ಚೆನ್ನೈನ ರಿಚಿ ಸ್ಟ್ರೀಟಿನಲ್ಲೂ ಕೆಲವೇ ರೂಪಾಯಿಗೆ ದೊರೆಯುತ್ತದೆ. ಬೇಕಾದದ್ದು ಹಣವಲ್ಲ, ತಾಳ್ಮೆ. ಸರ್ಕ್ಯೂಟ್ ನಕ್ಷೆಯಿಲ್ಲದೆ ಒಳಗಿನ ಸ್ಕ್ರೂಗಳನ್ನು ತಿರುವಬಾರದು. ಬಹಳಷ್ಟು ಮನೆ ರೇಡಿಯೋಗಳ ಮಧ್ಯಂತರ ಆವರ್ತನ 455 ಕಿಲೋಹರ್ಟ್ಸ್ ಆದರೆ ಬಿಸಿ-348ರದು 915. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯದು.

ಅಪಾಯವಿಲ್ಲವೇ? ಖಂಡಿತ ಇದೆ, ಅದನ್ನು ಮುಚ್ಚಿಟ್ಟು ವಾದಿಸುವವನು ನಾನಲ್ಲ. ರಿಸೀವರಿನಲ್ಲಿ 250 ವೋಲ್ಟ್, ಟ್ರಾನ್ಸ್‌ಮಿಟರಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಅಡಗಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈಹಾಕಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಲೇಬಾರದು. 60 ವಾಟಿನ ಹಳೇ ತಂತಿ ಬಲ್ಬನ್ನು ಸೀರೀಸಿನಲ್ಲಿಡಿ. ಬಲ್ಬು ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆಯೆಂದು ತಿಳಿಯಿರಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಏಸಿ-ಡೀಸಿ ಸೆಟ್ಟಿನಲ್ಲಿ ಲೋಹದ ಚಾಸಿಗೇ ಕರೆಂಟು ಬರಬಹುದು. ಯುದ್ಧಕಾಲದ ಕೆಲವು ಡಯಲುಗಳಲ್ಲಿ ರೇಡಿಯಂ ಬಣ್ಣವಿದೆ, ಅದನ್ನು ಕೆರೆಯಬಾರದು. ಮಕ್ಕಳು ಹಿರಿಯರ ಕಣ್ಣೆದುರೇ ಕೆಲಸ ಮಾಡಲಿ. ಟ್ರಾನ್ಸ್‌ಮಿಟರ್ ಚಲಾಯಿಸಲು ಸರ್ಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆದಿರಬೇಕು, ಅದರಲ್ಲಿ ರಿಯಾಯಿತಿಯಿಲ್ಲ.

"ಮೊಬೈಲಿನ ಕಾಲದಲ್ಲಿ ಇದರ ಪ್ರಯೋಜನವೇನು?" ಎನ್ನುವವರು 2004ರ ಡಿಸೆಂಬರನ್ನು ನೆನೆಯಲಿ. ಸುನಾಮಿ ಬಡಿದು ಅಂಡಮಾನಿನಲ್ಲಿ ಫೋನುಗಳು ಸತ್ತಾಗ, ಹವ್ಯಾಸಕ್ಕೆಂದೇ ಅಂದಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಹ್ಯಾಮ್ ತಂಡ ದ್ವೀಪದ ಜನರ ಕ್ಷೇಮ ಸಮಾಚಾರವನ್ನು ಹೊರಗೆ ಮುಟ್ಟಿಸಿತು. ಅವರದು ಹಳೆಯ ಸೆಟ್ಟುಗಳಲ್ಲ, ಒಪ್ಪಿದೆ. ಆದರೆ ಕೆಟ್ಟದ್ದನ್ನು ಇದ್ದ ಸಾಮಾನಿನಲ್ಲೇ ಸರಿಮಾಡಿಕೊಳ್ಳುವ ಬುದ್ಧಿ ಆಪತ್ತಿನ ದಿನ ಅಂಗಡಿಯಲ್ಲಿ ಸಿಗುವುದಿಲ್ಲ; ಬಿಡುವಿನ ಭಾನುವಾರಗಳಲ್ಲಿ ಕೂತು ಕಲಿಯಬೇಕು. ಮುಚ್ಚಳ ತೆಗೆಯಲಾಗದ ಇಂದಿನ ಸಾಮಾನಿಗಿಂತ, ಕಣ್ಣಿಗೆ ಕಾಣುವ, ಕೈಗೆ ಎಟುಕುವ ಭಾಗಗಳುಳ್ಳ ಹಳೆಯ ಸೆಟ್ಟೇ ಅದಕ್ಕೆ ಒಳ್ಳೆಯ ಗುರು.

ನಮ್ಮ ಸಂಘಕ್ಕೂ ಒಂದು ಮಾತು. ಅಂತ್ಯಾಕ್ಷರಿಗೂ ತಂಬೋಲಕ್ಕೂ ಸಭಾಂಗಣ ಸಿಗುತ್ತದಲ್ಲ, ತಿಂಗಳಿಗೆ ಒಂದು ಭಾನುವಾರ ಒಂದು ಮೇಜು, ಒಂದು ಮಲ್ಟಿಮೀಟರು, ಒಂದು ಸೋಲ್ಡರಿಂಗ್ ಐರನ್ನಿಗೆ ಜಾಗ ಸಿಗಬಾರದೇ? ಕಬಾಡಿಯವನನ್ನು ಕರೆಯುವ ಮುನ್ನ ಸದಸ್ಯರು ಸಂಘಕ್ಕೊಂದು ಫೋನು ಮಾಡಲಿ. ಸೆಟ್ಟು ತರಲಿ, ಜೊತೆಗೆ ಒಂದು ಮಗುವನ್ನೂ ಕರೆತರಲಿ. ಕಲಿಸಲು ನಾನು ಸಿದ್ಧ. ನನಗಿಂತ ಬಲ್ಲ ಹಿರಿಯರು ಈ ಊರಿನಲ್ಲಿ ಇನ್ನೂ ಇದ್ದಾರೆ. ಅವರ ಕೀಲಿಯೂ ಮೌನವಾಗುವವರೆಗೆ ಕಾಯುವುದು ಬೇಡ.